ನೀರು ಹಾಕುವವಳ ತಲೆಯ ಹೊಟ್ಟು

ನನ್ನ ತಲೆಯಿಂದ ಉದುರುತ್ತಿದ್ದುದನ್ನು ಹೊರಗಿನವರಲ್ಲಿ ಮೊದಲು ಕಂಡವಳು ನ್ಯೂ ಟೌನಿನ ಒಂದು ಮನೆಯ ಹಿರಿಯ ಹೆಂಗಸು. ಆಕೆಯ ಮೊಮ್ಮಗ ಹುಟ್ಟಿ ಇಪ್ಪತ್ತೆರಡು ದಿನವಾಗಿತ್ತು. ನಾನು ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ. ಆಕೆ ಟವಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿಂತವಳು ಬಗ್ಗಿ, ಮಗುವಿನ ಬೆನ್ನಿನಿಂದ ಒಂದು ಬಿಳಿ ಚೂರನ್ನು ಬೆರಳ ತುದಿಯಲ್ಲಿ ಎತ್ತಿಕೊಂಡಳು.

“ಏನಜ್ಜಿ ಇದು, ಸುಣ್ಣನಾ?”

ಗೋಡೆ ನೋಡಿದಳು. ಗೋಡೆಗೆ ಟೈಲ್ಸ್ ಹಾಕಿತ್ತು, ಸುಣ್ಣ ಎಲ್ಲಿಂದ ಬರಬೇಕು. ಆಮೇಲೆ ನನ್ನ ತಲೆ ನೋಡಿದಳು.

“ತಲೆಹೊಟ್ಟು ಕಣಮ್ಮ,” ಅಂದೆ.

ಆಕೆ ಆ ಬೆರಳನ್ನು ಸೋಪು ಹಾಕಿ ತೊಳೆದುಕೊಂಡಳು. ಮರುದಿನ ಬೆಳಿಗ್ಗೆ ಫೋನು ಬಂತು. “ಇವತ್ತಿಂದ ನಾವೇ ಹಾಕ್ಕೊತೀವಿ ಬಿಡಿ ಅಜ್ಜಿ. ನಿಮಗೂ ವಯಸ್ಸಾಯ್ತು, ಸುಮ್ನೆ ಯಾಕೆ ಓಡಾಡ್ತೀರಾ.” ನನ್ನ ವಯಸ್ಸು ಹಿಂದಿನ ದಿನವೂ ಅಷ್ಟೇ ಇತ್ತು.

ನಾನು ಬಾಣಂತಿಯರಿಗೂ ಎಳೆಮಕ್ಕಳಿಗೂ ಎಣ್ಣೆ ಹಚ್ಚಿ ನೀರು ಹಾಕುವವಳು. ಮನೆ ಭದ್ರಾವತಿಯ ಹಳೇನಗರದಲ್ಲಿ. ಓದಿದ್ದು ಮೂರನೇ ಕ್ಲಾಸು. ಗಂಡ ಕಾರ್ಖಾನೆಯ ಕುಲುಮೆಯ ಹತ್ತಿರ ಕೆಲಸಕ್ಕಿದ್ದ. ಅವನು ಸತ್ತ ಮೇಲೆ ಈ ಕೆಲಸ ಹಿಡಿದೆ, ಬಿಡಲಿಲ್ಲ. ಹೆಸರು ಬಸಮ್ಮ, ಆದರೆ ಹಾಗೆ ಕರೆಯುವವರು ಯಾರೂ ಉಳಿದಿಲ್ಲ, ಎಲ್ಲರಿಗೂ ನೀರಜ್ಜಿ. ನಾನು ನೀರು ಹಾಕಿದ ಹೆಣ್ಣುಮಕ್ಕಳು ಬೆಳೆದು ಬಾಣಂತಿಯರಾಗಿ ಅವರ ಮಕ್ಕಳಿಗೂ ನಾನೇ ನೀರು ಹಾಕಿದ್ದೇನೆ. ಮಗ ಶಿವಾನಂದ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾನೆ. ಸೊಸೆ ಸುಜಾತ. ಅವರ ಮಗಳು ಪವಿತ್ರಳನ್ನು ಶಿವಮೊಗ್ಗಕ್ಕೆ ಕೊಟ್ಟಿದೆ.

ನ್ಯೂ ಟೌನಿನ ಮನೆಯವಳಿಗೆ ಹೊಟ್ಟು ಅಂದೆನಲ್ಲ, ನಾನೂ ಹಾಗೆಯೇ ನಂಬಿದ್ದೆ. ಮೊದಲು ಕಿವಿಯ ಹಿಂದೆ ಒಂದು ರೂಪಾಯಿ ಬಿಲ್ಲೆಯಷ್ಟಗಲ ದಪ್ಪಗಾಯಿತು. ಆಮೇಲೆ ಕತ್ತಿನ ಮೇಲ್ಭಾಗ, ಆಮೇಲೆ ನೆತ್ತಿ. ಕೆರೆದರೆ ಮೀನಿನ ಹುರುಪೆಯ ಹಾಗೆ ಏಳುತ್ತಿತ್ತು. ಎದ್ದ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕಿ ರಕ್ತ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ರವೆ ಚೆಲ್ಲಿದ ಹಾಗೆ. ಹುಳಿ ಮೊಸರು ಹಚ್ಚಿದೆ, ನಿಂಬೆಹಣ್ಣು ಉಜ್ಜಿದೆ, ಸೀಗೆಪುಡಿ ಹಾಕಿ ಕಲ್ಲು ತಿಕ್ಕಿದಂತೆ ತಿಕ್ಕಿದೆ. ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬು ಕೊಟ್ಟರು. ಹಚ್ಚಿದಷ್ಟು ದಿನ ಸುಮ್ಮನಿತ್ತು, ಬಿಟ್ಟ ವಾರಕ್ಕೆ ಮೊದಲಿನ ಎರಡರಷ್ಟಾಯಿತು.

ಹೊರಗೆ ಹೊರಟರೆ ತಲೆ ಮೇಲೆ ಸೆರಗು ಹೊದೆಯತೊಡಗಿದೆ. ಪಕ್ಕದ ಮನೆ ಮೆಹಬೂಬಿ ಅದನ್ನು ನೋಡಿ ನಕ್ಕಳು. ಅವಳ ಗಂಡನಿಗೆ ಸ್ಕೂಟರ್ ರಿಪೇರಿ ಅಂಗಡಿ ಇತ್ತು, ಈಗ ಅವನಿಲ್ಲ. ನನ್ನ ಹಿಂದೆ ಓಡಾಡಿಕೊಂಡು ನೀರು ಹಾಕುವುದನ್ನು ಕಲಿತವಳು.

“ಏನಕ್ಕ, ನಮ್ಮ ಥರ ಸೆರಗು ಹೊದ್ಕೊಂಡಿದೀಯಾ. ನಿಕಾ ಯಾವಾಗ?”

“ನಿಮ್ಮ ಕಡೆ ಗಂಡು ನೋಡು, ಬರ್ತೀನಿ.”

“ಈ ಬಾಯಿಗೆ ಗಂಡು ಎಲ್ಲಿಂದ ತರ್ಲಿ ಮಾರಾಯ್ತಿ.”

ಕಪ್ಪು ರವಿಕೆ ಬಿಟ್ಟೆ. ಕಡುನೀಲಿ ಬಿಟ್ಟೆ. ಮಾಸಿದ ಬಿಳಿ, ತಿಳಿ ಹಳದಿ, ಇಷ್ಟೇ. ಯಾರ ಹತ್ತಿರ ಮಾತಾಡುತ್ತಿದ್ದರೂ ಕೈ ತಾನಾಗಿ ಹೋಗಿ ಹೆಗಲು ಕೊಡವುತ್ತಿತ್ತು.

ಈಗ ಒಂದು ವಿಷಯ ಹೇಳಬೇಕು. ಇದನ್ನು ಹೇಳದೆ ಮಿಕ್ಕಿದ್ದನ್ನು ಬರೆಸಿದರೆ ಸುಳ್ಳು ಬರೆಸಿದ ಹಾಗೆ.

ನ್ಯೂ ಟೌನಿನವಳು ಆ ಚೂರು ಎತ್ತುವುದಕ್ಕೆ ಹದಿನೈದು ದಿನ ಮುಂಚೆ, ಇನ್ನೊಂದು ಮನೆಯಲ್ಲಿ, ನನ್ನ ಕೈ ತಪ್ಪಿತ್ತು. ಬಚ್ಚಲಿನ ಹಬೆಗೆ ಈ ತಲೆ ಉರಿದೇಳುತ್ತದೆ. ಬೆಂಕಿಯಿರುವೆ ಮುತ್ತಿದ ಹಾಗೆ. ಮಗುವಿಗೆ ನೀರು ಹಾಕುವಾಗ ಎರಡು ಕೈಯೂ ಬಿಡುವಿಲ್ಲ. ಒಂದು ಕೈ ಮಗುವಿನ ಕತ್ತಿನ ಕೆಳಗೆ, ಇನ್ನೊಂದರಲ್ಲಿ ಚೊಂಬು. ಎಣ್ಣೆ ಹಚ್ಚಿದ ಮಗು ಸಿಪ್ಪೆ ಸುಲಿದ ಬಾಳೆಹಣ್ಣಿನ ಹಾಗೆ, ಹಿಡಿದರೆ ಹಿಡಿದದ್ದು, ಬಿಟ್ಟರೆ ಬಿಟ್ಟದ್ದು. ಅವತ್ತು ತಡೆಯಲಾಗಲಿಲ್ಲ. ಕತ್ತಿನ ಕೆಳಗಿದ್ದ ಕೈಯನ್ನೇ ತೆಗೆದು ತಲೆ ಕೆರೆದೆ. ಚೊಂಬು ಇಟ್ಟು ಆ ಕೈಯಲ್ಲಿ ಕೆರೆಯಬಹುದಿತ್ತು, ಆ ಬುದ್ಧಿಯೂ ಹೊಳೆಯಲಿಲ್ಲ. ಮಗು ಜಾರಿತು. ಕೆನ್ನೆ ಹೋಗಿ ಬಚ್ಚಲ ನೆಲದ ನೀರಿಗೆ ತಾಗಿತು. ತೋಳು ಹಿಡಿದು ಎತ್ತಿಕೊಂಡೆ. ಅದು ಕಿರುಚಿತು. ಒಳಗಿನಿಂದ ತಾಯಿ ಕೇಳಿದಳು, “ಏನಾಯ್ತಜ್ಜಿ?”

“ಏನಿಲ್ಲ, ನೀರು ಒಂಚೂರು ಬಿಸಿ ಆಯ್ತು.”

ಮಗುವಿಗೆ ಏನೂ ಆಗಲಿಲ್ಲ. ಕೈಕಾಲು ಆಡಿಸಿ ನೋಡಿದೆ, ನೆತ್ತಿ ಮುಟ್ಟಿ ನೋಡಿದೆ, ಕಣ್ಣು ನೋಡಿದೆ. ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆ ಸುತ್ತಿ, ಮಲಗಿಸಿ ಬಂದೆ. ಮರುದಿನವೂ ಅದೇ ಮನೆಗೆ ಹೋದೆ. ಅದರ ಮರುದಿನವೂ. ಯಾರಿಗೂ ಹೇಳಲಿಲ್ಲ.

ಹಾಗಾಗಿ ನ್ಯೂ ಟೌನಿನವರು ಬೇಡ ಅಂದಾಗ ನನಗೆ ಬಂದ ಸಿಟ್ಟಿನಲ್ಲಿ ಅರ್ಧ ಸಿಟ್ಟು, ಇನ್ನರ್ಧ ಏನೋ ಬೇರೆ. ಅದಕ್ಕೆ ಹೆಸರಿಡಲು ನನಗೆ ಬರುವುದಿಲ್ಲ.

ಮಾತು ಹರಡಿತು. ಒಂದು ತಿಂಗಳೊಳಗೆ ಮೂರು ಮನೆ ಹೋದವು. ಒಬ್ಬಳು ಮಗುವಿಗೆ ಶೀತ ಅಂದಳು, ಒಬ್ಬಳು ಅಮ್ಮನ ಮನೆಗೆ ಹೋಗುತ್ತಿದ್ದೇನೆ ಅಂದಳು. ಮೆಹಬೂಬಿ ಮಾತ್ರ ನೇರವಾಗಿ ಬಂದು ನಿಂತಳು.

“ಅಕ್ಕ, ನಿನ್ನ ನ್ಯೂ ಟೌನ್ ಮನೆಗೆ ನನ್ನ ಕರೆದಿದಾರೆ. ಹೋಗ್ಲಾ, ಬೇಡ್ವಾ?”

“ಹೋಗು. ಮಗು ಕೊಳಕಾಗಿರ್ಬೇಕಾ?”

“ಆಮೇಲೆ ಬೈಬಾರದು.”

“ಬೈತೀನಿ. ಆದ್ರೂ ಹೋಗು.”

ಮೈಮೇಲೆ ಹುರುಪೆ ಎದ್ದರೆ ನಮ್ಮಲ್ಲಿ ಎಲ್ಲರೂ ಮೊದಲು ಹೇಳುವುದು ನಾಗರ ಮಾತು. ಯಾವ ಜನ್ಮದಲ್ಲಿ ಹಾವು ಹೊಡೆದೆಯೋ, ಪೊರೆ ನಿನಗೆ ಬಂದಿದೆ ಅಂದರು. ನಾಗರ ಕಲ್ಲಿಗೆ ಹಾಲು ಎರೆದು ಬಂದೆ. ತಲೆ ಹಾಗೆಯೇ ಇತ್ತು. ಆಗ ನನಗೇ ಒಂದು ಹೊಳೆಯಿತು. ಕಾಯಿಲೆ ಇರುವುದು ಕೂದಲಲ್ಲಿ, ಕೂದಲನ್ನೇ ದೇವರಿಗೆ ಕೊಟ್ಟುಬಿಟ್ಟರೆ ಕಾಯಿಲೆ ಎಲ್ಲಿ ಕೂತುಕೊಳ್ಳುತ್ತದೆ? ಮನೆದೇವರಿಗೆ ಮುಡಿ ಕೊಡುತ್ತೇನೆ ಅಂತ ಹರಕೆ ಹೊತ್ತೆ. ಮನೆಯಲ್ಲಿ ಪೂಜೆಗೆ ಹೋಗುತ್ತೇನೆ ಅಂತಷ್ಟೇ ಹೇಳಿ ಒಬ್ಬಳೇ ಬಸ್ಸು ಹತ್ತಿದೆ.

ಗುಡಿಯ ಹಿಂದೆ ಮುಡಿ ತೆಗೆಯುವವನ ಮುಂದೆ ಕೂತೆ. ತಲೆ ನೆನೆಸಿ ಎಡಗಡೆಯಿಂದ ಶುರು ಮಾಡಿದ. ಎರಡು ಎಳೆತ ಎಳೆದ, ಮೂರನೆಯದಕ್ಕೆ ನಿಂತ.

“ಅಮ್ಮಾ, ಈ ತಲೆಗೆ ನಾನು ಕತ್ತಿ ಹಾಕಲ್ಲ. ರಕ್ತ ಬರ್ತಾ ಇದೆ.”

“ಬಂದ್ರೆ ನಂದು ಬರುತ್ತೆ. ತೆಗಿ.”

“ಹಿಂದೆ ಕ್ಯೂ ಇದೆ ಅಮ್ಮಾ. ನೋಡಿದವರು ನನ್ನ ಹತ್ರ ಕೂರಲ್ಲ.”

“ಮತ್ತೆ ಅರ್ಧ ತಲೆ ಇಟ್ಕೊಂಡು ಬಸ್ ಹತ್ಲಾ?”

ಅವನು ಹೊಸ ಬ್ಲೇಡು ಹಾಕಿದ. ಮಿಕ್ಕಿದ್ದನ್ನು ಹಲ್ಲು ಕಚ್ಚಿಕೊಂಡು ತೆಗೆದ. ಹಲ್ಲು ಕಚ್ಚಿದ್ದು ಅವನು, ನಾನಲ್ಲ. ಮುಗಿದ ಮೇಲೆ ಬ್ಲೇಡನ್ನು ಎಲೆಯಲ್ಲಿ ಸುತ್ತಿ ದೂರ ಎಸೆದು ಬಂದು ಕೈ ತೊಳೆದುಕೊಂಡ. ಅವನನ್ನು ಬೈಯುವ ಹಾಗಿಲ್ಲ. ಅವನೂ ಹೊಟ್ಟೆಗೆ ದುಡಿಯುವವನು.

ಮುಡಿ ಕೊಟ್ಟದ್ದೇ ನಾನು ಮಾಡಿದ ದೊಡ್ಡ ತಪ್ಪು. ಈ ಕಾಯಿಲೆಗೆ ಗಾಯವೆಂದರೆ ಊಟ, ಎಲ್ಲಿ ಚರ್ಮ ಹರಿದಿದೆಯೋ ಅಲ್ಲಿ ಹೊಸದಾಗಿ ಏಳುತ್ತದೆ ಅಂತ ಆಮೇಲೆ ತಿಳಿಯಿತು. ಕತ್ತಿ ಹೋದ ದಾರಿಯುದ್ದಕ್ಕೂ ಎದ್ದಿತು. ಅಲ್ಲಲ್ಲಿ ಇದ್ದದ್ದು ತಲೆ ತುಂಬ ಒಂದೇ ಆಯಿತು. ಇಷ್ಟು ದಿನ ಮುಚ್ಚಿಕೊಳ್ಳಲು ಕೂದಲಾದರೂ ಇತ್ತು.

ಬಾಗಿಲು ತೆರೆದ ಸುಜಾತ ಹಾಗೇ ನಿಂತುಬಿಟ್ಟಳು. “ಅತ್ತೆ, ಏನ್ ಮಾಡ್ಕೊಂಡ್ರಿ ಇದು.”

ಮಗ ಒಂದು ಸಲ ನೋಡಿ ಟಿವಿ ಕಡೆ ತಿರುಗಿದ. ಊಟ ಮುಗಿಸಿ ಕೈ ತೊಳೆಯುವಾಗ ಹೇಳಿದ, “ಅವ್ವಾ, ಸ್ವಲ್ಪ ದಿನ ಜಗಲಿ ಮೇಲೆ ಕೂರ್ಬೇಡ.”

ಅದೇ ವಾರ ನನ್ನ ಬಾಚಣಿಗೆಗೆ ಒಂದು ಕೆಂಪು ದಾರ ಬಂತು. ಇದ್ದಬದ್ದ ಕೂದಲೂ ಹೋದವಳಿಗೆ ಬಾಚಣಿಗೆ ಯಾಕೆ ಅಂತ ಸುಜಾತಳಿಗೆ ಹೊಳೆದಿರಲಿಲ್ಲ. ನನ್ನ ದಿಂಬಿನ ಚೀಲ ಬೇರೆ ಬಕೆಟ್ಟಿನಲ್ಲಿ ನೆನೆಯತೊಡಗಿತು. ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಕೆಟ್ಟವಳಲ್ಲ. ಹೆದರಿದವಳು.

ಮೆಹಬೂಬಿ ಬಂದು ನನ್ನ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಮುಟ್ಟಿ ನೋಡಿದಳು. ಎಷ್ಟೋ ತಿಂಗಳಾದ ಮೇಲೆ ಆ ತಲೆಯನ್ನು ನನ್ನ ಕೈಯಲ್ಲದೆ ಬೇರೆ ಕೈ ಮುಟ್ಟಿತ್ತು, ಆ ಕ್ಷೌರದವನನ್ನು ಬಿಟ್ಟರೆ.

“ನಡಿ ಅಕ್ಕ, ಶಿವಮೊಗ್ಗಕ್ಕೆ. ನಾಗಪ್ಪ ಆಯ್ತು, ಮನೆದೇವರು ಆಯ್ತು. ಇನ್ನು ಡಾಕ್ಟರ್ ಒಬ್ರೇ ಉಳಿದಿರೋದು.”

ಆಸ್ಪತ್ರೆಯ ಚರ್ಮದ ವಿಭಾಗದ ಮುಂದೆ ಉದ್ದದ ಬೆಂಚುಗಳು. ಬೇರೆ ವಿಭಾಗಗಳ ಮುಂದೆ ಜನ ಮಾತಾಡುತ್ತಾರೆ, ನಿಮಗೇನು, ನಮಗಿದು, ಅಂತ. ಚರ್ಮದವರ ಬೆಂಚಿನಲ್ಲಿ ಮಾತಿಲ್ಲ. ಎಲ್ಲರೂ ಏನನ್ನೋ ಮುಚ್ಚಿಕೊಂಡಿರುತ್ತಾರೆ. ಒಬ್ಬ ಬೇಸಿಗೆಯಲ್ಲಿ ತುಂಬು ತೋಳಿನ ಅಂಗಿ. ಒಬ್ಬಾಕೆ ಕಾಲುಚೀಲ. ನನ್ನ ಪಕ್ಕ ಒಂದು ಹುಡುಗಿ, ತಲೆಗೆ ದುಪಟ್ಟಾ ಬಿಗಿದು ಕಟ್ಟಿದ್ದಳು. ಕೂತು ಐದು ನಿಮಿಷಕ್ಕೆ ಅವಳ ಕೈ ಹೋಗಿ ಹೆಗಲು ಕೊಡವಿತು. ಅದೇ ಹೊತ್ತಿಗೆ ನನ್ನ ಕೈಯೂ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

“ನಿಂಗೂ ತಲೇಲಾ?” ಅಂದೆ.

“ಹೂಂ ಅಜ್ಜಿ.” ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದಳು. “ಕಪ್ಪು ಚೂಡಿದಾರ್ ಹಾಕಿ ಎರಡು ವರ್ಷ ಆಯ್ತು.”

“ನಾನೂ ಕಪ್ಪು ರವಿಕೆ ಬಿಟ್ಟೆ.”

“ಹಾಸ್ಟೆಲಲ್ಲಿ ನನ್ನ ಹಾಸಿಗೆ ಪಕ್ಕದವಳು ರೂಮ್ ಬದಲಾಯಿಸ್ಕೊಂಡ್ಳು. ಎಕ್ಸಾಮ್‌ಗೆ ಓದೋಕೆ ತೊಂದ್ರೆ ಅಂತ ವಾರ್ಡನ್ ಹತ್ರ ಹೇಳಿದ್ಳಂತೆ.”

“ನಂಗೂ ಮಗುವಿಗೆ ಶೀತ ಅಂದ್ರು.”

ಅವಳಿಗೆ ಅದು ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಆದರೆ ಅವಳು ನಕ್ಕಳು. ಸರದಿ ಬರುವವರೆಗೆ ಇಬ್ಬರೂ ನಾಚಿಕೆ ಬಿಟ್ಟು ಕೆರೆದುಕೊಂಡೆವು. ಯಾರ ಮುಂದಾದರೂ ಹಾಗೆ ಕೆರೆದುಕೊಂಡದ್ದು ಅದೇ ಮೊದಲು. ಎದ್ದು ಹೋಗುವಾಗ ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಬಿದ್ದಿದ್ದನ್ನು ಅವಳು ದುಪಟ್ಟಾದ ತುದಿಯಲ್ಲಿ ಒರೆಸಿದಳು, ಅವಳದ್ದೂ ನನ್ನದೂ ಸೇರಿಸಿ. ಅಂಥವರು ಇನ್ನೂ ಇದ್ದಾರೆ ಅಂತ ಗೊತ್ತಿರುವುದರಿಂದಲೇ ಇದನ್ನು ಹೇಳಿ ಬರೆಸಲು ಕೂತದ್ದು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕೈಗವಸು ಹಾಕದೆ ಮುಟ್ಟಿ ನೋಡಿದರು. ಸೋರಿಯಾಸಿಸ್ ಅಂದರು. ನಾಗರದ್ದಲ್ಲ, ಕೊಳಕಿನದ್ದಲ್ಲ, ರಕ್ತ ಕೆಟ್ಟದ್ದಲ್ಲ ಅಂದರು.

“ಹೋಗುತ್ತಾ?”

“ಹೋಗಲ್ಲ ಅಜ್ಜಿ. ಕಡಿಮೆ ಆಗುತ್ತೆ. ಮತ್ತೆ ಬರುತ್ತೆ. ಶುಗರ್, ಬಿಪಿ ಇದ್ದವರು ಬದುಕ್ತಾರಲ್ಲ, ಹಾಗೆ.”

ಸುಳ್ಳು ಹೇಳಲಿಲ್ಲವಲ್ಲ, ಅದು ಹಿಡಿಸಿತು.

“ಅಂಟುತ್ತಾ?”

“ಅಂಟಲ್ಲ. ಒಬ್ಬರಿಂದ ಒಬ್ಬರಿಗೆ ಖಂಡಿತ ಬರಲ್ಲ.”

“ಹಾಗಂತ ಬರೆದು ಕೊಡಿ. ಕನ್ನಡದಲ್ಲಿ. ಸೀಲ್ ಹಾಕಿ.”

ಅವರು ನಕ್ಕರು. ಹಾಗೆಲ್ಲ ಬರೆದುಕೊಡುವ ಪದ್ಧತಿ ಇಲ್ಲ ಅಂದರು. ನಾನು ಏಳಲಿಲ್ಲ. ಮೆಹಬೂಬಿ ಬಾಗಿಲಲ್ಲಿ ನಿಂತು, “ಬರೆದುಕೊಡಿ ಡಾಕ್ಟ್ರೇ, ಈಯಮ್ಮ ಸಂಜೆ ತನಕ ಕೂರ್ತಾಳೆ, ನಂಗೆ ಬಸ್ ತಪ್ಪುತ್ತೆ,” ಅಂದಳು. ಹೊರಗೆ ಬೆಂಚು ತುಂಬಿತ್ತು. ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಸೀಲು ಒತ್ತಿದರು: ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ತುರಿಕೆ ಎಷ್ಟಿದೆ ಅಂತಲೂ ಕೇಳಿದ್ದರು. “ಇದೆ,” ಅಂದೆ ಅಷ್ಟೇ. ಕೈ ತಪ್ಪಿದ ಕತೆ ಹೇಳಲು ಅದೇ ಸರಿಯಾದ ಜಾಗವಾಗಿತ್ತು. ಹೇಳಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಆ ಚೀಟಿಗೆ ಲ್ಯಾಮಿನೇಷನ್ ಮಾಡಿಸಿದೆ. ಮನೆಗೆ ಬರುವ ತನಕ ಬಸ್ಸಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಮತ್ತೆ ಮತ್ತೆ ಓದಿದೆ. ನನ್ನಂಥವಳಿಗೆ ಬರೆದದ್ದು, ಅದರಲ್ಲೂ ಸೀಲು ಇರುವುದು ಅಂದರೆ ಬಹಳ ನಂಬಿಕೆ. ರೇಷನ್ ಕಾರ್ಡು, ಆಧಾರ್, ಪೆನ್ಷನ್, ಎಲ್ಲ ಕಡೆ ನನ್ನ ಮಾತು ನಂಬದವರು ಕಾಗದ ನಂಬಿದ್ದನ್ನು ಕಂಡವಳು.

ಮೊದಲು ನ್ಯೂ ಟೌನಿಗೇ ಹೋದೆ. ಆ ಹಿರಿಯ ಹೆಂಗಸು ಗ್ರಿಲ್ ಬಾಗಿಲಿನ ಸಂದಿಯಲ್ಲಿ ಚೀಟಿ ಇಸಕೊಂಡು ಪೂರ್ತಿ ಓದಿದಳು. ಸಂದಿಯಲ್ಲೇ ವಾಪಸು ಕೊಟ್ಟಳು. “ನಾವು ನಂಬ್ತೀವಿ ಅಜ್ಜಿ. ನೀವು ಬೇಜಾರ್ ಮಾಡ್ಕೋಬೇಡಿ,” ಅಂದಳು. ಗ್ರಿಲ್ ತೆರೆಯಲಿಲ್ಲ. ಆಮೇಲೆ ಬೇರೆ ಮನೆಗಳಿಗೆ ಹೋಗುವುದನ್ನು ಬಿಟ್ಟೆ.

ಔಷಧಿ ಶುರುವಾಯಿತು. ಡಾಂಬರಿನ ವಾಸನೆಯ ಒಂದು ಶಾಂಪೂ, ಉರಿಯುವ ಒಂದು ಎಣ್ಣೆ, ಅದರ ಮೇಲೊಂದು ನೀರಿನಂಥದ್ದು. ಸುಜಾತ ಮೂಗು ಮುಚ್ಚಿಕೊಂಡು, “ಅತ್ತೆ ಬಂದ್ರೆ ರೋಡ್ ಹಾಕ್ತಿದಾರೆ ಅನ್ಸುತ್ತೆ,” ಅಂದಳು. ಅವಳು ನನ್ನ ಕಾಯಿಲೆಯ ವಿಷಯ ಬಾಯಿಬಿಟ್ಟು ಆಡಿದ್ದು ಅದೇ ಮೊದಲು, ನನಗೆ ಒಂದು ಥರ ಹಗುರವಾಯಿತು. ಮೂರು ತಿಂಗಳಿಗೆ ಹುರುಪೆ ತೆಳ್ಳಗಾಯಿತು. ಕೂದಲು ಬೆರಳಷ್ಟು ಬಂತು. ತುರಿಕೆ ಇಳಿಯಿತು, ಹೋಗಲಿಲ್ಲ.

ಅಷ್ಟರಲ್ಲಿ ಪವಿತ್ರಳಿಗೆ ಏಳು ತುಂಬಿ ಶಿವಮೊಗ್ಗದಲ್ಲಿ ಸೀಮಂತ ಇಟ್ಟರು. ನಾನು ಗಂಡ ಸತ್ತವಳು, ಆರತಿಗೆ ಕರೆಯುವುದಿಲ್ಲ, ಅದು ಗೊತ್ತಿದ್ದದ್ದೇ. ಊಟದ ಸಾಲಿನಲ್ಲಿ ನನ್ನ ಎರಡೂ ಪಕ್ಕದ ಎಲೆ ಖಾಲಿ ಉಳಿದವು, ಅದು ಹೊಸದು. ಬಡಿಸುವವರು ಆ ಖಾಲಿ ಎಲೆಗಳಿಗೂ ಉಪ್ಪು, ಕೋಸಂಬರಿ ಬಡಿಸಿಕೊಂಡು ಹೋದರು. ನಾನು ಹೊಟ್ಟೆ ತುಂಬ ಉಂಡೆ. ಉಣ್ಣದೆ ಏಳುವುದಕ್ಕೆ ನಾನೇನು ತಪ್ಪು ಮಾಡಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸುಜಾತ ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದಳು. ಏನಂತ ಕೇಳಿದೆ.

“ಬಾಣಂತನ ಅಲ್ಲೇ ಮಾಡ್ತಾರಂತೆ ಅತ್ತೆ. ಮೊದಲ್ನೇ ಬಾಣಂತನ. ತಾಯಿ ಮನೆಗೆ ಕಳಿಸಲ್ಲ ಅಂದ್ರೆ ಜನ ಏನಂತಾರೆ.”

“ಯಾಕಂತೆ?”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಹೇಳಿದಳು, “ನಿಮ್ಮ ತಲೆಗೆ ಹೆದರಿ.”

ಮೊದಲ ಹೆರಿಗೆಗೆ ಮಗಳು ತವರಿಗೆ ಬರದಿದ್ದರೆ ಅದು ತವರಿನವರ ಮುಖಕ್ಕೆ ಹೊಡೆದ ಹಾಗೆ. ಊರವರ ಮಕ್ಕಳಿಗೆಲ್ಲ ನೀರು ಹಾಕಿದವಳ ಮನೆಯ ಬಚ್ಚಲಿಗೆ ಅವಳದೇ ಮೊಮ್ಮಗಳು ಬರುವ ಹಾಗಿಲ್ಲ. ಸುಜಾತ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವಳು ಅಳುತ್ತಾ ಮಾಚೇನಹಳ್ಳಿ ದಾಟಿದಳು.

ಮರುವಾರ ಲ್ಯಾಮಿನೇಷನ್ ಚೀಟಿ ಹಿಡಿದು ಬೀಗರ ಮನೆಗೆ ಒಬ್ಬಳೇ ಹೋದೆ. ಪವಿತ್ರಳ ಅತ್ತೆ ವಿಜಯಮ್ಮ ಬಾಗಿಲು ತೆರೆದು ಒಳಗೆ ಕರೆದರು. ನಾನು ಸೆರಗು ತೆಗೆದು ಬೆಳಕಿಗೆ ತಲೆ ಬಗ್ಗಿಸಿ ತೋರಿಸಿದೆ.

“ನೋಡ್ಬಿಡಿ. ಅವರಿವರು ಹೇಳಿದ್ದು ಕೇಳೋದಕ್ಕಿಂತ ನೋಡೋದು ಒಳ್ಳೇದು. ಇದು ಚೀಟಿ.”

ವಿಜಯಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ತಪ್ಪು ತಿಳ್ಕೋಬೇಡಿ ಅಮ್ಮಾ. ಮಗು ಅಲ್ವಾ, ಭಯ.”

“ಭಯ ಪಡಿ. ಕೇಳೋದು ಕೇಳಿ.”

“ಸುಜಾತಂಗೆ ಏನೂ ಬಂದಿಲ್ವಾ? ಒಂದೇ ಬಚ್ಚಲಲ್ವಾ ನಿಮ್ಮದು?”

“ಒಂದೇ ಬಚ್ಚಲು, ಒಂದೇ ಅಡುಗೆ. ಇದು ಶುರುವಾಗಿ ಎರಡೂವರೆ ವರ್ಷ ಆಯ್ತು. ಬಾಚಣಿಗೆ ಮಾತ್ರ ಬೇರೆ ಮಾಡಿದಾಳೆ, ಕೆಂಪು ದಾರ ಕಟ್ಟಿ.”

ವಿಜಯಮ್ಮನಿಗೆ ನಗು ತಡೆಯಲಾಗಲಿಲ್ಲ. “ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ,” ಅಂದರು. ಕಾಫಿ ಕೊಟ್ಟರು, ಸ್ಟೀಲ್ ಲೋಟದಲ್ಲಿ, ಅವರು ಕುಡಿದಂಥದ್ದರಲ್ಲೇ. ಆಮೇಲೆ ಹೇಳಿದರು, “ಆಯ್ತು, ಕಳಿಸ್ತೀನಿ. ಆದ್ರೆ ಒಂದು ಮಾತು. ನೀರು ನೀವೇ ಹಾಕ್ಬೇಕು. ಪವಿತ್ರ ದಿನಾ ಅದೇ ಹಠ, ನಮ್ಮಜ್ಜಿ ಕೈ ಬಿಟ್ಟು ಬೇರೆಯವರ ಕೈಗೆ ನನ್ನ ಮಗು ಕೊಡಲ್ಲ ಅಂತಾಳೆ. ಸುಜಾತಂಗೆ ಬರಲ್ಲವಂತೆ.”

“ಹೂಂ,” ಅಂದೆ.

ಹೇಳಬೇಕಾದದ್ದನ್ನು ಅಲ್ಲಿಯೂ ಹೇಳಲಿಲ್ಲ. ಹೇಳಿದ್ದರೆ ಅವರು ಕಳಿಸುತ್ತಿರಲಿಲ್ಲ. ಎಲ್ಲರೂ ಅಂಟುತ್ತದಾ ಅಂತ ಕೇಳಿದರು. ಅಂಟುವುದಿಲ್ಲ, ಅದಕ್ಕೆ ಸೀಲು ಇತ್ತು. ನಿನ್ನ ಕೈ ನಿಲ್ಲುತ್ತದಾ ಅಂತ ಯಾರೂ ಕೇಳಲಿಲ್ಲ.

ಪವಿತ್ರಳಿಗೆ ಹೆಣ್ಣು ಮಗು. ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಬಂದಳು. ಆ ಹೊತ್ತಿಗೆ ಚಳಿ ಶುರುವಾಗಿ ನನ್ನ ತಲೆ ಮತ್ತೆ ಎದ್ದಿತ್ತು. ಡಾಕ್ಟರಮ್ಮ ಹೇಳಿಯೇ ಇದ್ದರು. ಔಷಧಿ ಬಿಟ್ಟಿರಲಿಲ್ಲ, ಆದರೂ ಎದ್ದಿತು. ಹೊಕ್ಕಳು ಬೀಳುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ನಾನು ದಿನಾ ಮಗುವಿನ ಹೊಕ್ಕಳು ನೋಡುತ್ತಿದ್ದೆ. ಬೇಗ ಬೀಳಲಿ ಅಂತಲೋ, ಬೀಳದಿರಲಿ ಅಂತಲೋ ನನಗೇ ಗೊತ್ತಿರಲಿಲ್ಲ. ಎಂಟನೇ ದಿನ ಬಿತ್ತು.

ಮರುದಿನ ಬೆಳಿಗ್ಗೆ ಹಂಡೆಯಲ್ಲಿ ನೀರು ಕಾಯಿಸಿದೆ. ತಲೆಗೆ ಹತ್ತಿಯ ಬಿಳಿ ಬಟ್ಟೆ ಬಿಗಿದು ಕಟ್ಟಿಕೊಂಡೆ, ಒಂದು ಚೂರೂ ಬೀಳದ ಹಾಗೆ. ಮಣೆ ಹಾಕಿ, ಸೀರೆ ಮೇಲೆತ್ತಿ, ಕಾಲು ಚಾಚಿ ಕೂತೆ. ಪವಿತ್ರ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ನೋಡಿ ತೃಪ್ತಿಪಟ್ಟು, ಸೊಂಟ ನೋವು ಅಂತ ಒಳಗೆ ಹೋಗಿ ಮಲಗಿದಳು. ಸುಜಾತ ಮಗುವನ್ನು ನನ್ನ ಕಾಲ ಮೇಲೆ ಇಟ್ಟಳು. ಮೂರು ಕೆಜಿಯೂ ಇಲ್ಲ. ನೆತ್ತಿಗೆ ಹರಳೆಣ್ಣೆ ಇಟ್ಟೆ. ಮೈಗೆ ಎಣ್ಣೆ ಹಚ್ಚಿದೆ. ಮಗು ಮೈ ಸಡಿಲ ಬಿಟ್ಟಿತು. ಕೈ ಏನನ್ನೂ ಮರೆತಿರಲಿಲ್ಲ.

ನೀರು ಹದ ಮಾಡಿ ಮೊದಲ ಚೊಂಬು ಎತ್ತಿದೆ. ಹಬೆ ಎದ್ದಿತು. ಬಿಗಿದು ಕಟ್ಟಿದ ಬಟ್ಟೆಯೊಳಗೆ ತಲೆ ಹೊತ್ತಿಕೊಂಡಿತು. ಎಡಗೈ ಮಗುವಿನ ಕತ್ತಿನ ಕೆಳಗೆ. ಆ ಬೆರಳುಗಳು ಅಲ್ಲಿಂದ ಹೊರಡಲು ತಯಾರಾದದ್ದು ನನಗೆ ಗೊತ್ತಾಯಿತು. ಹೊರಡಲಿಲ್ಲ. ಆದರೆ ತಯಾರಾದವು.

“ಸುಜಾತ, ಬಾ ಇಲ್ಲಿ. ಮಗು ತಗೋ.”

“ಯಾಕತ್ತೆ, ನೀರು ಬಿಸಿ ಇದೆಯಾ?”

“ನೀರು ಸರಿ ಇದೆ. ತಗೋ ಬೇಗ. ನೀನು ಕೂರು ಮಣೆ ಮೇಲೆ.”

“ನಂಗೆ ಬರಲ್ಲ. ಪವಿತ್ರ ಹುಟ್ಟಿದಾಗ್ಲೂ ನೀವೇ ಹಾಕಿದ್ದು.”

“ಬರುತ್ತೆ. ಕಾಲು ಚಾಚು. ಎರಡೂ ಕಾಲು ಸೇರಿಸು, ಸಂದಿ ಬಿಡ್ಬೇಡ.”

ಅವಳು ಕೂತಳು. ಕಾಲು ಚಾಚಿ ಸೇರಿಸಿದಳು. ಮಗುವನ್ನು ಇಟ್ಟೆ. ಅವಳ ಎಡಗೈ ಹಿಡಿದು ಕತ್ತಿನ ಕೆಳಗೆ ಕೂರಿಸಿದೆ. ನಾನು ಹಿಂದೆ ಸರಿದು ಗೋಡೆಗೆ ಒರಗಿದೆ. ಆಗ ಹೇಳಿದೆ. ಯಾರ ಮನೆ, ಯಾವ ಮಗು, ಕೆನ್ನೆ ಎಲ್ಲಿ ತಾಗಿತು, ತಾಯಿಗೆ ಏನು ಸುಳ್ಳು ಹೇಳಿದೆ, ಎಲ್ಲ.

ಅವಳು ತಲೆ ಎತ್ತಲಿಲ್ಲ. “ಆಮೇಲೂ ಹೋದ್ರಾ ಆ ಮನೆಗೆ?”

“ಹೋದೆ.”

“ಎಷ್ಟು ದಿನ?”

“ಅವರೇ ಬೇಡ ಅನ್ನೋ ತನಕ.”

ಅವಳು ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು, ನನ್ನ ಕಡೆಗೆ ಬೆನ್ನು ಬರುವ ಹಾಗೆ. ಮಗು ಅಳಲು ಶುರು ಮಾಡಿತು. ಒಳಗಿನಿಂದ ಪವಿತ್ರ ಕೂಗಿದಳು, “ಅಜ್ಜಿ, ಯಾಕೆ ಅಳ್ತಿದೆ?”

ನಾನು ಬಾಯಿ ತೆರೆಯುವ ಮುಂಚೆ ಸುಜಾತಳೇ ಹೇಳಿದಳು, “ನಾನು ಹಾಕ್ತಿದೀನಿ ಕಣೇ. ಅಜ್ಜಿ ಹೇಳಿಕೊಡ್ತಿದಾರೆ.” ಆಮೇಲೆ ನನಗೆ, ತಿರುಗದೆಯೇ, “ಮುಂದೆ ಹೇಳಿ,” ಅಂದಳು.

“ನೆತ್ತಿ ಮೇಲೆ ಧಾರೆ ಬೀಳ್ಬಾರದು. ಕೈ ಅಡ್ಡ ಹಿಡಿ. ಹಾಂ. ಕಿವಿ ಮಡಚು. ಕಿವಿಗೆ ನೀರು ಹೋಗ್ಬಾರದು. ಈಗ ಬೆನ್ನು. ಬೋರಲು ಹಾಕು, ಎದೆ ಕೆಳಗೆ ಕೈ ಕೊಡು. ಬೇಗ ಬೇಡ.”

ತಲೆಯ ಬಟ್ಟೆ ಬಿಚ್ಚಿ ಎಸೆದಿದ್ದೆ. ಹೇಳುತ್ತಾ ಹೇಳುತ್ತಾ ತಲೆಯನ್ನು ಬಚ್ಚಲ ಗೋಡೆಗೆ ಉಜ್ಜುತ್ತಿದ್ದೆ, ಎಮ್ಮೆ ಮರಕ್ಕೆ ಉಜ್ಜುವ ಹಾಗೆ. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಅವಳ ಕಣ್ಣು ಮಗುವಿನ ಮೇಲಿತ್ತು.

“ಸಾಕು. ಎತ್ಕೋ. ತಲೆ ಮೊದಲು ಒರೆಸು.”

ಸುಜಾತ ಮಗುವನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದಳು. ನಾನು ಕೂತೇ ಇದ್ದೆ. ಹಂಡೆಯಲ್ಲಿ ಇನ್ನೂ ನೀರಿತ್ತು. ಗೋಡೆಯ ಮೇಲೆ ನನ್ನ ತಲೆ ಉಜ್ಜಿದ ಕಡೆ ಮೊಳದುದ್ದ ಬಿಳಿ ಗೀಟು ಎದ್ದಿತ್ತು, ನಡುನಡುವೆ ಕೆಂಪು. ಒಂದು ಚೊಂಬು ನೀರು ತಗೊಂಡು ಎರಚಿದೆ. ಹೋಗಲಿಲ್ಲ. ಇನ್ನೊಂದು ಚೊಂಬು ತಗೊಂಡೆ.